ಅಕ್ಕನ ಹೆಸರಿನ ಖಾತೆ

ಹಾಸನದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಕೂತು ನಾನು ಅಂಗಡಿ, ಛತ್ರ, ನರ್ಸರಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮೊದಲೆಲ್ಲ ಸೈಟಿಗೆ ಆನ್‌ಲೈನ್ ಪಾವತಿ ಜೋಡಿಸುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಈಗ ಅದಕ್ಕೊಂದು ಟೂಲ್ ಬಂದಿದೆ. ಸೈಟು ಯಾವುದರಲ್ಲಿ ಮಾಡಿದ್ದು, ಗಿರಾಕಿ ಹೇಗೆ ದುಡ್ಡು ಕಟ್ಟುತ್ತಾರೆ ಎಂದು ಕೇಳುತ್ತದೆ. ಹೇಳಿದರೆ ಸಾಕು, ಕೋಡ್‌ನ ಮಾದರಿಯನ್ನು ಬಡಿಸಿದ ಎಲೆಯಂತೆ ಮುಂದಿಡುತ್ತದೆ. ನಕಲು ಮಾಡಿ, ಉದಾಹರಣೆಗೆಂದು ಕೊಟ್ಟ ಹೆಸರು ತೆಗೆದು ನಮ್ಮದನ್ನು ಹಾಕಿದರೆ ಮುಗಿಯಿತು. ಆ ಸುಖ ಕಂಡೇ ನಾನು ಅಕ್ಕನಿಗೆ ಮಾತು ಕೊಟ್ಟದ್ದು.

ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿನ ಹತ್ತಿರದ ಹಳ್ಳಿಗೆ. ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಒಮ್ಮೆ ಅವಳಲ್ಲಿ ಕಟ್ಟಿಸಿದವರು ಬೇರೆಯವರ ಕೈಗೆ ಸೀರೆ ಕೊಡುವುದಿಲ್ಲ. ಆದರೆ ಗಿರಾಕಿಗಳು ದುಡ್ಡು ಹಾಕುತ್ತಿದ್ದದ್ದು ಭಾವನ ಫೋನಿಗೆ. ಭಾವ ಕುಡಿಯುವವರಲ್ಲ, ಕೈ ಎತ್ತಿದವರಲ್ಲ, ಬಂದದ್ದನ್ನು ಮನೆಗೇ ಹಾಕುತ್ತಿದ್ದರು. ಅದು ಅವಳ ದುಡಿಮೆ, ಬೇರೆ ಇಡಬೇಕು ಎಂಬುದು ಮಾತ್ರ ಅವರ ತಲೆಗೆ ಹೋದದ್ದೇ ಇಲ್ಲ. ಅಕ್ಕನ ಮಗಳು ಪಿಯುಸಿ ಮುಗಿಸುವುದರಲ್ಲಿದ್ದಳು. ನರ್ಸಿಂಗ್ ಓದಲೇಬೇಕೆಂದು ಹಟ ಹಿಡಿದಿದ್ದಳು. ಭಾವನಿಗೆ ಆಗಲೇ ಹೊಳೆನರಸೀಪುರದ ಕಡೆಯ ಒಂದು ಸಂಬಂಧ ಕಣ್ಣಿಗೆ ಬಿದ್ದಿತ್ತು.

"ಫೀಜು ನಾನೇ ಕಟ್ಬುಟ್ರೆ ಅವ್ರೇನೂ ಅನ್ನಕಾಗಲ್ಲ ಕಣೆ," ಅಂದಳು ಅಕ್ಕ. "ನನ್ ಎಸ್ರಲ್ಲೊಂದ್ ಅಕೌಂಟೈತೆ. ದುಡ್ಡು ಅದ್ಕೇ ಬೀಳಂಗೆ ಮಾಡ್ಕೊಡು. ನಿಮ್ ಭಾವುಂಗೆ ಆಮ್ಯಾಕೆ ಏಳಾನ."

ಯುಗಾದಿ ಕಳೆದ ಮೇಲೆ ಒಂದು ದಿನ, ಕುಚ್ಚಿನ ದಾರ ತರುತ್ತೇನೆಂದು ಮನೆಯಲ್ಲಿ ಹೇಳಿ ಹಾಸನಕ್ಕೆ ಬಂದಳು. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತಳು. ಅವಳ ಕುಚ್ಚುಗಳ ಫೋಟೊ ಆಗಲೇ ಸೈಟಿಗೆ ಹಾಕಿದ್ದೆ. ಟೂಲ್ ಕೊಟ್ಟ ಸಾಲುಗಳನ್ನು ಅಂಟಿಸಿ, ಪರೀಕ್ಷೆಗೆಂದು ಒಂದು ಪಾವತಿ ಮಾಡಿದೆ. ಹಸಿರು ಗುರುತು ಬಂತು.

"ಬಂತಾ ದುಡ್ಡು?"

"ಇದು ಸುಳ್ಳು ದುಡ್ಡು ಕಣಕ್ಕ. ಸರಿಯಾಗಿದ್ಯಾ ಅಂತ ನೋಡೋಕೆ."

"ಅಯ್ಯೋ ನಿನ್ನ! ಸುಳ್ ದುಡ್ಡಿಗೇ ನನ್ನೆದೆ ಇಂಗೆ ಒಡ್ಕತೈತಲ್ಲೇ," ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ಅಕ್ಕ ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ನಿಜವಾದ ದುಡ್ಡು ಬರಬೇಕಾದರೆ ಅಂಗಡಿಯವರು ಯಾರೆಂಬುದು ಆಧಾರ್ ಮೂಲಕ ಖಚಿತವಾಗಬೇಕು. ಅಕ್ಕನ ಆಧಾರ್ ನಂಬರ್ ಹಾಕಿದೆ. ಓಟಿಪಿ ಕಳಿಸಿದ್ದೇವೆ ಎಂದು ತೋರಿಸಿತು. ಅಕ್ಕ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಓಟಿಪಿ ಬರಲಿಲ್ಲ, ಭಾವನ ಕರೆ ಬಂತು.

"ಲೇ, ಎಲ್ಲಿದ್ದೀಯಾ? ನಿನ್ ಆಧಾರಿಂದು ಅದೇನೋ ಓಟಿಪಿ ನನ್ ಫೋನಿಗ್ ಬಂದೈತೆ. ಯಾರೋ ಕಳ್ ನನ್ಮಕ್ಳು ನಿನ್ ಅಕೌಂಟಿಗೆ ಕೈ ಆಕವ್ರೆ. ತಡಿ, ಬ್ಯಾಂಕಿಗ್ ಓಗಿ ನಿಲ್ಲುಸ್ಬುಟ್ ಬತ್ತೀನಿ."

ಆಧಾರ್ ಮಾಡಿಸಿದಾಗಲೂ ಬ್ಯಾಂಕಿನಲ್ಲಿ ಖಾತೆ ತೆರೆದಾಗಲೂ ಅಕ್ಕನ ಬಳಿ ಫೋನೇ ಇರಲಿಲ್ಲ. ಎರಡಕ್ಕೂ ಕೊಟ್ಟದ್ದು ಮನೆಯಲ್ಲಿದ್ದ ಒಂದೇ ನಂಬರು, ಭಾವನದು. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು, ತನ್ನ ಫೋಟೊ ಇದೆಯಲ್ಲ ಎಂದು ಅವಳು ಖಾತೆ ತನ್ನದೆಂದೇ ನಂಬಿದ್ದಳು. ನಾನೂ ನಂಬಿದ್ದೆ.

ಏನೂ ಹೇಳಬೇಡ ಎಂದು ಕೈಸನ್ನೆ ಮಾಡಿದೆ. ದಾರದ ಸುಳ್ಳಿಗೇ ಅವಳ ಧೈರ್ಯವೆಲ್ಲ ಖರ್ಚಾಗಿತ್ತೇನೋ.

"ಕಳ್ರಲ್ಲ ಕಣ್ರೀ. ನಾನೇ," ಅಂದಳು.

"ನನ್ ಕೇಳಿದ್ರೆ ಬ್ಯಾಡ ಅಂತಿದ್ನಾ ನಾನು?" ಅಂದರು ಭಾವ. ಕೋಪದ ದನಿಯಾಗಿದ್ದರೆ ಫೋನ್ ಕಿತ್ತುಕೊಂಡು ನಾನೇ ಜಗಳಕ್ಕೆ ಬೀಳುತ್ತಿದ್ದೆ. ಅವರಿಗೆ ನೋವಾಗಿತ್ತು. ಓಟಿಪಿಯ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅಕ್ಕ ನನಗೆ ಹೇಳಿದಳು, ನಾನು ಒತ್ತಿದೆ. ಖಾತೆ ಜೋಡಣೆಯಾಯಿತು. ಅಕ್ಕ ಕಾಫಿಯನ್ನೂ ಕುಡಿಯದೆ ಬಸ್ಸಿಗೆ ಹೊರಟಳು.

ಆ ಟೂಲಿನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದರ ಉದಾಹರಣೆಗಳಲ್ಲಿ ಎಲ್ಲರಿಗೂ ಅವರವರದೇ ಖಾತೆ, ಅವರವರದೇ ಫೋನು. ದುಡ್ಡು ವಾಪಸ್ ಕೊಡುವುದಕ್ಕೆ ಮಾದರಿಯಿದೆ, ಪಾವತಿ ಅರ್ಧಕ್ಕೆ ನಿಂತರೆ ಅದಕ್ಕೂ ಇದೆ. ಹೆಂಡತಿಯ ಓಟಿಪಿ ಗಂಡನ ಜೇಬಿನಲ್ಲಿ ಕೂಗಿದರೆ ಏನು ಮಾಡಬೇಕೆಂಬುದಕ್ಕೆ ಇಲ್ಲ. ಅದನ್ನು ಬೈದು ಏನು ಬಂತು, ಮಣ್ಣು!

ಸೈಟು ಮಾತ್ರ ಚೆನ್ನಾಗಿಯೇ ನಡೆಯಿತು. ಚನ್ನರಾಯಪಟ್ಟಣದಿಂದ, ಮೈಸೂರಿನಿಂದ ಸೀರೆಗಳು ಕೊರಿಯರ್‌ನಲ್ಲಿ ಬಂದವು. ದುಡ್ಡು ಬಿದ್ದಾಗಲೆಲ್ಲ ಮೆಸೇಜ್ ಹೋಗುತ್ತಿದ್ದದ್ದು ಭಾವನಿಗೆ. ಸಿಕ್ಕವರಿಗೆಲ್ಲ ಅದನ್ನು ತೋರಿಸಿ, "ನಮ್ಮನೆಯೋಳ್ದು ಆನ್‌ಲೈನ್ ಬಿಸ್ನೆಸ್ಸು ಕಣ್ಲಾ," ಎಂದು ಬೀಗುತ್ತಿದ್ದರು. ಬ್ಯಾಂಕಿನಲ್ಲಿ ನಿನ್ನ ನಂಬರ್ ಹಾಕಿಸು, ನಾನೇ ಜೊತೆಗೆ ಬರುತ್ತೇನೆ ಎಂದು ಅಕ್ಕನಿಗೆ ಬಡಿದುಕೊಂಡೆ.

"ಈಗ್ ಬದ್ಲಾಯಿಸುದ್ರೆ ನನ್ ಮ್ಯಾಲೆ ನಂಬ್ಕೆ ಇಲ್ವಾ ಅಂತಾರೆ ಕಣೆ. ಇನ್ನೊಂದ್ ತಿಂಗ್ಳು ತಡಿ," ಎಂದು ಮುಂದೂಡುತ್ತಲೇ ಹೋದಳು.

ಅಷ್ಟರಲ್ಲಿ ಹೊಳೆನರಸೀಪುರದವರು ಬಂದು ಹುಡುಗಿಯನ್ನು ನೋಡಿ ಒಪ್ಪಿಕೊಂಡು ಹೋದರು. ಓಟಿಪಿ ಬರುವುದು ಭಾವನಿಗೇ ಆದ್ದರಿಂದ, ಅವರು ತಮ್ಮ ಫೋನಿನಲ್ಲೇ ಅಕ್ಕನ ಆ ಖಾತೆಯಿಂದ ಛತ್ರಕ್ಕೆ ಮುಂಗಡ ಕಟ್ಟಿದರು. ಕಟ್ಟಿಯಾದ ಮೇಲೆ ಒಳಗೆ ಬಂದು, "ಮಗಳ್ ಮದ್ವೆಗೆ ನಿನ್ ದುಡ್ಡೂ ಆಯ್ತು ನೋಡು," ಎಂದು ಅಕ್ಕನಿಗೆ ಹೇಳಿದರಂತೆ. ಅವಳಿಗೆ ಖುಷಿಯಾಗುತ್ತದೆಂದೇ ಅವರು ತಿಳಿದಿದ್ದರು. ಹುಡುಗಿ ಎರಡು ದಿನ ಊಟ ಬಿಟ್ಟಳು, ಆಮೇಲೆ ಉಂಡಳು. ಚಿಕ್ಕಮ್ಮ ಎನಿಸಿಕೊಂಡ ನಾನು ಭಾವನ ಹತ್ತಿರ ಬಾಯಿ ಮಾಡಿದೆ, ಅತ್ತೂ ನೋಡಿದೆ. "ಓದಿದೋಳು ನೀನು, ನಿಂಗೆ ಗೊತ್ತಾಗಲ್ಲ ಬುಡು," ಅಂದರು.

ಮದುವೆ ಮುಗಿದು ಮಗಳನ್ನು ಕಳಿಸಿಕೊಟ್ಟ ಮೇಲೆ ಒಂದು ದಿನ ಅಕ್ಕನ ಮನೆಗೆ ಹೋದೆ. ಭಾವ ಇರಲಿಲ್ಲ. ಅಕ್ಕ ಬಾಗಿಲ ಬೆಳಕಿನಲ್ಲಿ ಕೂತು ಯಾರದೋ ರೇಷ್ಮೆ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು.

"ಏಳಕ್ಕ, ಬ್ಯಾಂಕು ತೆಗೆದಿರುತ್ತೆ. ಇವತ್ತೇ ನಿನ್ನ ನಂಬರ್ ಹಾಕಿಸಿ ಬರೋಣ," ಅಂದೆ.

ಅವಳು ಸೀರೆಯಿಂದ ತಲೆ ಎತ್ತಲಿಲ್ಲ.

"ಇನ್ಯಾರ್ ಫೀಜು ಕಟ್ಟಕೆ ಕಣವ್ವ?" ಅಂದಳು.