ಅಪ್ಪ ಹಾರಿಸಿದ ಟವಲ್

ಮೊನ್ನೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಗೆ ತಳ್ಳುಗಾಡಿಯವನೊಬ್ಬ ಕೆಂಪು ಬಾಳೆಹಣ್ಣು ತಂದಿದ್ದ. ಗೇಟಿನ ಹತ್ತಿರ ಹೋಗುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಕಮಲಾಪುರದ ಕೆಂಪು ಬಾಳೆಯ ವಾಸನೆಯೇ ಬೇರೆ, ತಿಂದವರಿಗೆ ಗೊತ್ತು. ದರ ಕೇಳಿದೆ, ಅವನೇನೋ ಹೇಳಿದ, ನನಗೆ ಕೇಳಿಸಲೇ ಇಲ್ಲ. ಮನಸ್ಸು ಆಗಲೇ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹೋಗಿ ನಿಂತಿತ್ತು... ಅಲ್ಲಿ ಒಂದು ಕಾಲಕ್ಕೆ ಇಡೀ ಗೊನೆಯೇ ಜೋತಾಡುತ್ತಿತ್ತು. ಅದನ್ನು ಹೆಗಲ ಮೇಲೆ ಹೊತ್ತು ತಂದು ಕಟ್ಟುತ್ತಿದ್ದವರು ನಮ್ಮ ಮಾಳಿಗೆ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದವರು. ಊರಿಗೆಲ್ಲ ಅವರು ‘ಚಾಂಪಿಯನ್’. ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ವೈನಿ’, ಅಂದರೆ ಅತ್ತಿಗೆ, ಅನ್ನುತ್ತಿದ್ದರು.

ಬರೀ ಬಾಯಿಮಾತಿನ ಚಾಂಪಿಯನ್ ಅಲ್ಲ ಮತ್ತೆ! ಮಿಲಿಟರಿಯಲ್ಲಿ ಇದ್ದಾಗ ಬಾಕ್ಸಿಂಗ್ ಕಲಿತು, ಹೊರಬಂದ ಮೇಲೆ ಅದನ್ನೇ ವೃತ್ತಿ ಮಾಡಿಕೊಂಡು, ಮುಂಬೈ, ದಿಲ್ಲಿ ಎಂದು ತಿರುಗಿ ಕಾದಾಡಿ, ತಮ್ಮ ತೂಕದವರಲ್ಲಿ ಇಡೀ ದೇಶಕ್ಕೇ ಮೊದಲಿಗರೆಂದು ಬೆಲ್ಟ್ ಗೆದ್ದವರು. ಆ ಬೆಲ್ಟನ್ನು ಮೊದಲ ಸಲ ತಂದು ತೋರಿಸಿದಾಗ ನಾನು ನಕ್ಕುಬಿಟ್ಟೆ.

“ಇಷ್ಟ್ ಅಗಲ ಪಟ್ಟಾ ಕಟ್ಕೊಂಡು ಉಣ್ಣೂದು ಹೆಂಗ್ರಿ?” ಎಂದೆ.

“ಇದು ಉಳಿಬೇಕಂತ ಉಣ್ಣೂದೇ ಬಿಟ್ಟೀನಿ ವೈನಿ” ಎಂದರು.

ಅದು ಖರೆಯೇ ಆಗಿತ್ತು. ಪಟ್ಟ ಒಮ್ಮೆ ಗೆದ್ದರೆ ಮುಗಿಯಲಿಲ್ಲ, ಸವಾಲು ಹಾಕಿದವರ ಎದುರು ಮತ್ತೆ ಮತ್ತೆ ಕಾದಾಡಿ ಉಳಿಸಿಕೊಳ್ಳಬೇಕು. ತೂಕ ಚೂರು ಹೆಚ್ಚಾದರೂ ಕಣಕ್ಕೆ ಬಿಡುವುದಿಲ್ಲ. ನಮ್ಮ ಕಲಬುರಗಿಯ ಬೇಸಿಗೆಯಲ್ಲಿ, ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಈ ಪುಣ್ಯಾತ್ಮ ಸ್ವೆಟರ್ ಹಾಕಿಕೊಂಡು ತಾಜಸುಲ್ತಾನಪುರದ ತನಕ ಓಡಿ ಬರುತ್ತಿದ್ದರು. ಬೆಳಗ್ಗೆ ನಮ್ಮ ನೀರಿನ ಟಾಕಿಯ ಕಬ್ಬಿಣದ ತೊಲೆಗೆ ಉಸುಕು, ಹಳೆ ಬಟ್ಟೆ ತುಂಬಿದ ಚೀಲ ಕಟ್ಟಿ ಧಪ್ ಧಪ್ ಎಂದು ಗುದ್ದುವುದು. ಕೆಳಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ಮೇಲೆ ಅವರು ಚೀಲ ಬಡಿಯುತ್ತಿದ್ದರು. “ಚಾಂಪಿಯನ್‌ರೇ, ಮನಿ ಕೆಡವೀರಿ!” ಎಂದು ಕೂಗಿದರೆ ಎರಡು ನಿಮಿಷ ಸುಮ್ಮನಾಗಿ ಮತ್ತೆ ಶುರು.

ಊರಿಗೆ ಮಾತ್ರ ಬಾಕ್ಸಿಂಗ್ ಎಂದರೆ ಏನೆಂದು ತಿಳಿದಿರಲಿಲ್ಲ. ನಮ್ಮವರಿಗೆ ಗೊತ್ತಿದ್ದದ್ದು ಕುಸ್ತಿ. ಚಹಾದ ಅಂಗಡಿಯಲ್ಲಿ ಕಂಡವರೆಲ್ಲ, “ಪೈಲ್ವಾನ್ರೇ, ಈ ಸಲ ಯಾರಿಗಿ ಚಿತ್ ಮಾಡಿ ಬಂದ್ರಿ?” ಎಂದು ಕೇಳುತ್ತಿದ್ದರು. ಎದುರಾಳಿಯ ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಬಾಕ್ಸಿಂಗಿನಲ್ಲಿ ಹಾಗಲ್ಲ, ಬಿದ್ದವನು ಹತ್ತು ಎಣಿಸುವುದರೊಳಗೆ ಎದ್ದರೆ ಆಟ ಮತ್ತೆ ನಡೆಯುತ್ತದೆ ಎಂದು ಅವರು ಎಷ್ಟು ಜನರಿಗೆ ಬಿಡಿಸಿ ಹೇಳಿದರೋ... ಕೊನೆಗೆ ಬೇಸತ್ತು, “ಹೌದ್ರಿ, ಚಿತ್ ಮಾಡ್ದೆ” ಎಂದು ನಕ್ಕು ಬರುತ್ತಿದ್ದರು.

ಆದರೆ ಒಬ್ಬರ ಎದುರು ಹಾಗೆ ನಕ್ಕು ಬರಲಾಗುತ್ತಿರಲಿಲ್ಲ. ಅವರ ಅಪ್ಪ. ಕಮಲಾಪುರದಲ್ಲಿ ಬಾಳೆತೋಟ ಮಾಡಿಕೊಂಡಿದ್ದ ಹಳೆಯ ಪೈಲ್ವಾನರು. ನಾನು ಕಾಕಾ ಅನ್ನುತ್ತಿದ್ದೆ. ಮಗನನ್ನು ಚಿಕ್ಕಂದಿನಿಂದ ತಾಲೀಮಿಗೆ ಇಳಿಸಿ, ಎಣ್ಣೆ ತಿಕ್ಕಿ, ಹಾಲು ಕುಡಿಸಿ ಪೈಲ್ವಾನ ಮಾಡಬೇಕೆಂದಿದ್ದವರು. ಮಗ ಮಿಲಿಟರಿಗೆ ಹೋಗಿ ಗುದ್ದಾಟ ಕಲಿತು ಬಂದದ್ದು ಅವರ ಎದೆಗೆ ಮುಳ್ಳು ನಟ್ಟ ಹಾಗಾಗಿತ್ತು. “ಕುಸ್ತಿಯೊಳಗ ಹೊಡದ್ರ ಎಬ್ಬಿಸಿ ಹೊರಗ ಹಾಕ್ತಾರ. ಇವ್ರು ಹೊಡದವನಿಗೇ ಪಟ್ಟಾ ಕಟ್ತಾರ! ಥೂ!” ಅನ್ನುತ್ತಿದ್ದರು. ದೇಶಕ್ಕೇ ಚಾಂಪಿಯನ್ ಆದ ಮಗನ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ. ಬೆಲ್ಟನ್ನು ಮುಟ್ಟಿಯೂ ನೋಡಿರಲಿಲ್ಲ.

ಮುಂಬೈಯಲ್ಲಿ ದೊಡ್ಡ ಪಂದ್ಯ ಗೊತ್ತಾದಾಗ ಚಾಂಪಿಯನ್ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅದರಲ್ಲಿ ಪಟ್ಟ ಉಳಿಸಿಕೊಂಡರೆ ಮುಂದೆ ಹೊರದೇಶದಲ್ಲಿ ಕಾದಾಡುವ ಅವಕಾಶವಿತ್ತು. ಅವರ ಚಿಂತೆ ಅದಾಗಿರಲಿಲ್ಲ.

“ವೈನಿ, ಹೆಂಗಾರ ಮಾಡಿ ಅಪ್ಪಗ ಕರಕೊಂಡು ಬರ್ರಿ. ನಿಮ್ಮ ಮಾತು ತಗದು ಹಾಕಂಗಿಲ್ಲ ಅಂವ” ಎಂದರು. ಅಷ್ಟು ದೊಡ್ಡ ಆಳು, ಕಣ್ಣು ಕೆಳಗೆ ಹಾಕಿಕೊಂಡು ಕಾಲ ಹೆಬ್ಬೆರಳಿನಿಂದ ನೆಲದ ಬಂಡೆ ಗೀರುತ್ತ ನಿಂತಿದ್ದರು.

ಕಮಲಾಪುರಕ್ಕೆ ಹೋದೆ. ಕಾಕಾ ತೋಟದಲ್ಲಿ ಬಾಳೆಗೆ ನೀರು ತಿರುವುತ್ತಿದ್ದರು.

“ಹೊಡದಾಟ ನೋಡ್ಲಿಕ್ಕಿ ಮುಂಬೈ ಯಾಕವ್ವಾ? ನಮ್ಮ ಬಸ್ ಸ್ಟ್ಯಾಂಡಿನಾಗ ದಿನಾ ಆಗ್ತಾವ” ಎಂದರು.

ನಾನೇನು ಕಡಿಮೆಯೇ? “ಕಾಕಾ, ನಿಮ್ಮ ಮಗ ದೇಶಕ್ಕೆಲ್ಲ ಹುಲಿ ಆಗ್ಯಾರ. ನಿಮ್ಮ ಮುಂದ ಮಾತ್ರ ಇಲಿ ಆಗಿ ಕುಂದರ್ತಾರ. ಒಮ್ಮೆ ಕಣ್ಣಿಲೆ ನೋಡಿ ಬರ್ರಿ, ಆಮ್ಯಾಲ ಬೇಕಾದಷ್ಟು ಬೈರಿ” ಎಂದೆ.

ಕಾಕಾ ನೀರನ್ನು ಮುಂದಿನ ಸಾಲಿಗೆ ತಿರುವಿದರು. ಆಮೇಲೆ, “ಬೈಲಿಕ್ಕರೆ ನೋಡಬೇಕಲ್ಲ” ಎಂದರು. ಒಪ್ಪಿದರು ಎಂದು ನಾನು ತಿಳಿದುಕೊಂಡೆ.

ನಮ್ಮ ಮನೆಯವರೂ ನಾನೂ ಕಾಕಾನನ್ನು ರೈಲಿನಲ್ಲಿ ಕರೆದುಕೊಂಡು ಹೋದೆವು. ಧೋತರ, ಬಿಳಿ ಅಂಗಿ, ತಲೆಗೆ ರುಮಾಲು, ಹೆಗಲ ಮೇಲೆ ಟವಲ್. ಮುಂಬೈಯ ಆ ಹವಾನಿಯಂತ್ರಿತ ಸಭಾಂಗಣದಲ್ಲಿ, ಆ ಬಣ್ಣದ ದೀಪಗಳ ನಡುವೆ ಅವರೊಬ್ಬರೇ ಬೇರೆ. ಕುಸ್ತಿಯಲ್ಲಿ ಉಸ್ತಾದ್ ಕಣದ ಪಕ್ಕದಲ್ಲೇ ನಿಲ್ಲುತ್ತಾನಲ್ಲ, ಹಾಗೆ ಅಪ್ಪನೂ ತನ್ನ ಮೂಲೆಯಲ್ಲೇ ನಿಲ್ಲಬೇಕೆಂದು ಚಾಂಪಿಯನ್ ಹಟ ಹಿಡಿದರು. ಕೋಚ್ ಗೊಣಗಿದರು. ಕೊನೆಗೆ ನೀರಿನ ಬಾಟಲಿ ಕೊಡುವವರ ಸಾಲಿನಲ್ಲಿ ಕಾಕಾನ ಹೆಸರನ್ನೂ ಸೇರಿಸಿ, ಧೋತರದ ಮೇಲೆ ತಂಡದ ಜಾಕೀಟು ತೊಡಿಸಿ ನಿಲ್ಲಿಸಿದರು. ನಾವಿಬ್ಬರೂ ಅವರ ಬೆನ್ನ ಹಿಂದಿನ ಕುರ್ಚಿಗಳಲ್ಲಿ ಕೂತೆವು.

ಮೊದಮೊದಲು ಕಾಕಾ ಮುಖ ಗಂಟು ಹಾಕಿಕೊಂಡೇ ಇದ್ದರು. ಮಗನಿಗೆ ಏಟು ಬಿದ್ದರೆ ಹಲ್ಲು ಕಚ್ಚುತ್ತಿದ್ದರು. ಆದರೆ ಮೈ ಪೈಲ್ವಾನನದು, ಎಷ್ಟು ಹೊತ್ತು ಸುಮ್ಮನಿದ್ದೀತು? ಸ್ವಲ್ಪ ಹೊತ್ತಿಗೆ ಅವರ ಭುಜ ಮಗನ ಭುಜದ ಜೊತೆ ತಿರುಗತೊಡಗಿತು. “ಕಾಲು ನೋಡು ಅವಂದು! ಕಾಲು ತಪ್ಪ್ಯಾದ!” ಎಂದು ಕೂಗತೊಡಗಿದರು. ಚಾಂಪಿಯನ್ ಒಮ್ಮೆ ಆ ಕೂಗಿಗೆ ಇತ್ತ ತಿರುಗಿ ನೋಡಿದರು... ಬಾಯಿತುಂಬ ಹಲ್ಲು ಕಾಯುವ ರಬ್ಬರ್ ಇಟ್ಟುಕೊಂಡೇ ನಕ್ಕರು. ಆ ನಗು ನಾನು ಮರೆತಿಲ್ಲ.

ಅದರ ಮುಂದಿನ ಸುತ್ತಿನಲ್ಲೇ ಅವರ ಎಡಗೈ ಏಟು ಎದುರಾಳಿಯ ಗದ್ದಕ್ಕೆ ಬಿತ್ತು. ಅವನು ಅಂಗಾತ ಬಿದ್ದ. ಬೆನ್ನು ಪೂರ್ತಿ ನೆಲಕ್ಕೆ.

“ಚಿತ್!” ಎಂದು ಕಾಕಾ ಕೂಗಿದ ಕೂಗಿಗೆ ಸಭಾಂಗಣವೇ ತಿರುಗಿ ನೋಡಿತು. “ಚಿತ್ ಮಾಡ್ದಾ ನನ್ನ ಮಗ! ಚಿತ್!” ನಮ್ಮ ಕಡೆ ಕುಸ್ತಿಯಲ್ಲಿ ತಮ್ಮವನು ಗೆದ್ದರೆ ಮೊದಲು ಹಾರುವುದು ಟವಲ್. ಜನ್ಮದ ರೂಢಿ. ಕಾಕಾ ಹೆಗಲ ಮೇಲಿನ ಟವಲ್ ಎಳೆದು ಆಕಾಶಕ್ಕೆ ಹಾರಿಸಿದರು. ಅದು ಮೇಲೆ ಹೋಗಿ, ದೀಪದ ಬೆಳಕಿನಲ್ಲಿ ಬಿಚ್ಚಿಕೊಂಡು, ಹಗ್ಗ ದಾಟಿ ಕಣದೊಳಗೆ ಬಿತ್ತು.

ಎಣಿಕೆ ಮುಗಿಯುವ ಮೊದಲೇ ಎದುರಾಳಿ ತೂರಾಡುತ್ತ ಎದ್ದಿದ್ದ. ರೆಫರಿ ತಿರುಗಿದ, ಟವಲ್ ನೋಡಿದ, ಎರಡೂ ಕೈ ಬೀಸಿ ಪಂದ್ಯ ನಿಲ್ಲಿಸಿದ. ಒಬ್ಬನ ಮೂಲೆಯಿಂದ ಟವಲ್ ಒಳಗೆ ಬಿತ್ತೆಂದರೆ ‘ನಮ್ಮ ಹುಡುಗ ಸೋತ, ಇನ್ನು ಹೊಡೆಸಬೇಡಿ’ ಎಂದು ಅರ್ಥವಂತೆ. ಕೋಚ್ ತಲೆಯ ಮೇಲೆ ಕೈ ಹೊತ್ತು ಬೊಬ್ಬೆ ಹೊಡೆದಾಗಲೇ ನನಗದು ತಿಳಿದದ್ದು. ಎಷ್ಟು ವಾದಿಸಿದರೂ ಕೇಳಲಿಲ್ಲ, ನಿಯಮ ಎಂದರೆ ನಿಯಮ. ನೆಟ್ಟಗೆ ನಿಲ್ಲಲೂ ಆಗದವನ ಕೈ ಎತ್ತಿ ಗೆದ್ದವನೆಂದರು.

“ಯಾಕ? ಏನಾತು? ಗೆದ್ದಾನಲ್ಲ?” ಎಂದು ಕಾಕಾ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಅವರಿಗೆ ಹೇಳುವವರು ಯಾರು? ಕೋಚ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಚಾಂಪಿಯನ್ ಅಪ್ಪನ ಎದುರಿಗೇ, ಹಗ್ಗ ಹಿಡಿದುಕೊಂಡು, ಕುಸಿದು ಕೂತರು.

“ಎಪ್ಪಾ, ನನಗ ಕಣ್ಣಿಗಿ ಕತ್ತಲಿ ಬಂದಿತ್ತು. ಇನ್ನೊಂದು ಏಟು ಬಿದ್ದಿದ್ರ ಸಾಯ್ತಿದ್ದೆ. ನೀ ಟವಲ್ ಒಗದದ್ದಕ್ಕ ಆಟ ನಿಂತದ. ನೀನೇ ಉಳಿಸ್ದಿ” ಎಂದರು.

ಕಾಕಾ ಮಗನ ತಲೆಯನ್ನು ಎದೆಗೆ ಅವುಚಿಕೊಂಡು ಅತ್ತರು. ಆ ಅಪ್ಪ ಮಗ ಹಾಗೆ ಅಪ್ಪಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಅತ್ತೆ, ಸಿಟ್ಟಿಗೋ ದುಃಖಕ್ಕೋ ನನಗೇ ಗೊತ್ತಾಗಲಿಲ್ಲ.

ಊರಿಗೆ ಬಂದ ಕೆಲವು ದಿನಕ್ಕೆ ಕೋಚ್ ಫೋನ್ ಮಾಡಿದರು. ಗಲಾಟೆ ಆಗಿದೆ, ಅದೇ ಎದುರಾಳಿಯ ಜೊತೆ ಇನ್ನೊಂದು ಪಂದ್ಯ ಕೊಡಿಸುತ್ತೇನೆ, ಬೆಲ್ಟ್ ವಾಪಸ್ ಬಂದೇ ಬರುತ್ತದೆ ಎಂದರು. ಚಾಂಪಿಯನ್ ಒಲ್ಲೆ ಎಂದುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಮಾಳಿಗೆ ಹತ್ತಿ ಹೋಗಿ ಜಗಳ ತೆಗೆದೆ.

“ತಲಿ ಗಟ್ಟಿ ಅದ, ಕೈ ಗಟ್ಟಿ ಅದ, ಯಾಕ ಒಲ್ಲೆ ಅಂತೀರಿ? ಕಾಕಾಗ ಖರೇ ಹೇಳಿ ಹೋಗ್ರಿ!”

ಅವರು ಚೀಲದ ಹಗ್ಗ ಬಿಚ್ಚುತ್ತಿದ್ದರು. ತಿರುಗದೆಯೇ ಹೇಳಿದರು: “ವೈನಿ, ಅಪ್ಪ ಜನ್ಮದಾಗ ಒಂದೇ ಸಲ ನನ್ನ ಆಟಕ್ಕ ಟವಲ್ ಹಾರಿಸ್ಯಾನ. ಅದು ತಪ್ಪಾತು ಅಂತ ಹೆಂಗ ಹೇಳ್ಲಿ?”

ಅವರೇ ಕೆಳಗೆ ಬಂದು, ಖರೆ ಯಾರಿಗೂ ಹೇಳಬಾರದೆಂದು ನನ್ನಿಂದಲೂ ನಮ್ಮ ಮನೆಯವರಿಂದಲೂ ಆಣೆ ಮಾಡಿಸಿಕೊಂಡರು. ಆಮೇಲೆ ಖೋಲಿ ಖಾಲಿ ಮಾಡಿ ಕಮಲಾಪುರಕ್ಕೆ ಹೋದರು.

ಸುಳ್ಳು ಒಮ್ಮೆ ಹೇಳಿದರೆ ಸಾಕೇ? ಅದನ್ನು ಸಾಕಬೇಕು. ತೋಟದಲ್ಲಿ ಗೊನೆ ಹೊರುವಾಗ ಅಪ್ಪ ನೋಡುತ್ತಿದ್ದರೆ ತಲೆ ಸುತ್ತಿದವರಂತೆ ಒಂದು ಗಳಿಗೆ ನಿಲ್ಲುತ್ತಿದ್ದರು. ಕಾಕಾ ಓಡಿಬಂದು ಹೊರೆ ಇಳಿಸುತ್ತಿದ್ದರು. ಬಂದವರಿಗೆಲ್ಲ, “ಖುಷಿಲೆ ಒಗದಿದ್ದೆ ನಾ, ದೇವರು ಅದನ್ನೇ ಮಗನ ಜೀವಕ್ಕ ಅಡ್ಡ ಹಿಡದ” ಎಂದು ಹೇಳುತ್ತಿದ್ದರು. ಬೆಲ್ಟ್ ಗೆದ್ದಾಗಿನ ಫೋಟೋ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಮೊದಲು ಬೆಲ್ಟ್ ಮುಟ್ಟದಿದ್ದ ಮುದುಕ ಈಗ ದಿನಾ ಆ ಗಾಜು ಒರೆಸುತ್ತಿದ್ದರು. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಇಳಿದುಹೋಯಿತು.

ಕಾಕಾ ತುಂಬು ಬಾಳು ಬಾಳಿ ಹೋದರು. ನೆಮ್ಮದಿಯಿಂದ ಹೋದರು. ಇನ್ನಾದರೂ ಚಾಂಪಿಯನ್ ಖರೆ ಹೇಳಿಯಾರು, ಊರಾದರೂ ತಿಳಿದೀತು ಎಂದು ನಾನು ಕಾದೆ. ನಮ್ಮ ಮನೆಯವರೂ ಕಾದರು, ಕಾಯುತ್ತಲೇ ಅವರೂ ಹೋದರು...

ಆಮೇಲೊಂದು ದಿನ ಸುದ್ದಿ ಬಂತು, ಚಾಂಪಿಯನ್‌ಗೆ ಮರೆವು ಶುರುವಾಗಿದೆ ಎಂದು. ಅಷ್ಟು ವರ್ಷ ತಲೆಗೆ ತಿಂದ ಏಟುಗಳೆಲ್ಲ ಈಗ ಕೂಡಿ ಬಂದಿವೆ ಎಂದರಂತೆ ಡಾಕ್ಟರು. ಹುಮನಾಬಾದ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ನನ್ನ ಗುರುತು ಹಿಡಿಯುತ್ತಾರೋ ಇಲ್ಲವೋ ಎಂಬ ಹೆದರಿಕೆ ಇತ್ತು.

“ವೈನಿ ಬಂದ್ರಿ? ಬರ್ರಿ, ಬರ್ರಿ” ಎಂದರು. ಜೀವ ಬಂದ ಹಾಗಾಯಿತು.

ಮಾತು ಮಾತಿಗೆ ಆ ಪಂದ್ಯ ಬಂತು. “ಅವತ್ತ್ ನಂದು ಮುಗದೇ ಹೋಗಿತ್ತ್ರಿ. ಕಣ್ಣು ಕತ್ತಲಿ, ಕಾಲಾಗ ಬಲ ಇಲ್ಲ. ಅಪ್ಪ ಟವಲ್ ಒಗೀಲಿಲ್ಲಂದ್ರ ನಾ ಉಳೀತಿದ್ದಿಲ್ಲ” ಎಂದರು.

ಮೊದಲು ನಾನು ಆಣೆ ನೆನಪಿಸುತ್ತಿದ್ದಾರೆ ಎಂದುಕೊಂಡೆ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ನಮ್ಮಿಬ್ಬರನ್ನು ಬಿಟ್ಟರೆ ಕೇಳುವವರೇ ಇರಲಿಲ್ಲ. ಅವರ ಮುಖ ನೋಡಿದೆ. ಅಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಅಪ್ಪನಿಗಾಗಿ ಕಟ್ಟಿದ ಮಾತನ್ನು ಅವರು ಈಗ ತಾವೇ ನಂಬಿದ್ದರು.

“ಅಲ್ರಿ,” ಎಂದೆ. “ನೀವು ಸೋಲ್ಲಾಕತ್ತಿದ್ದಿಲ್ಲ. ಅಂವಗ ನೀವು ಚಿತ್ ಮಾಡಿದ್ರಿ. ನಾ ಹಿಂದೇ ಕುಂತಿದ್ದೆ, ನೋಡೀನಿ.”

ಅವರು ನಕ್ಕರು. ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದರು: “ಚಿತ್ ಇರೂದು ಕುಸ್ತಿಯಾಗ್ರಿ ವೈನಿ. ನಿಮಗ ಬಾಕ್ಸಿಂಗ್ ತಿಳ್ಯಂಗಿಲ್ಲ.”

ಆ ದಿನ ಬಸ್ಸಿನಲ್ಲಿ ಊರು ಬರುವ ತನಕ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, “ಯಾರ್ ಹೋದ್ರು ಯವ್ವಾ?” ಎಂದು ಕೇಳಿದಳು.

ಹೋದ ವರ್ಷ ಚಾಂಪಿಯನ್ ಹೋದರು. ಕಮಲಾಪುರದಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದ್ದರು. ಮೈಕ್ ಹಿಡಿದವರೆಲ್ಲ ಅದೇ ಕಥೆ ಹೇಳಿದರು, ಕಡೆಯ ಪಂದ್ಯದಲ್ಲಿ ಸೋಲುತ್ತಿದ್ದ ಮಗನನ್ನು ತಂದೆ ಹೇಗೆ ಉಳಿಸಿಕೊಂಡರು ಎಂದು. ಜನ ಕಣ್ಣು ಒರೆಸಿಕೊಂಡರು. ನಾನು ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದೆ.

ಈಗ ಹೇಳುತ್ತಿದ್ದೇನೆ. ಆಣೆ ಮಾಡಿಸಿಕೊಂಡವರು ಇಲ್ಲ, ಯಾರಿಗಾಗಿ ಮಾಡಿಸಿಕೊಂಡರೋ ಅವರೂ ಇಲ್ಲ. ಮುರಿದ ಪಾಪ ನನಗೇ ಇರಲಿ. ಅವರು ಎಲ್ಲವನ್ನೂ ಅಪ್ಪನಿಗೆ ಕೊಟ್ಟರು, ಬೆಲ್ಟು, ಮುಂದಿನ ಪಂದ್ಯಗಳು, ಕೊನೆಗೆ ಆ ನೆನಪನ್ನೂ. ನಮ್ಮ ಕಡೆ ಅದು ಈಗ ಉಳಿದಿರುವುದು ನನ್ನೊಬ್ಬಳಲ್ಲಿ, ನನಗೂ ವಯಸ್ಸಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ: ಆ ದಿನ ಅವರ ಕಣ್ಣಿಗೆ ಕತ್ತಲೆ ಬಂದಿರಲಿಲ್ಲ. ಕಾಲು ನಡುಗಿರಲಿಲ್ಲ. ಅವರು ಗೆಲ್ಲುತ್ತಿದ್ದರು.