ಹಿಂದಿ ಟೀಚರ್ ಒರೆಸಿದ ಅಂಕಪಟ್ಟಿ

ಕಳೆದ ವಾರ ಫರಂಗಿಪೇಟೆಯಲ್ಲಿ ಬಸ್ಸು ವಾಹನಗಳ ಸಾಲಿಗೆ ಸಿಕ್ಕಿ ನಿಂತಿದ್ದಾಗ, ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ಬೆರಳುದ್ದದ ಬಾಟಲಿ ತೆಗೆದು ಹಣೆಗೆ ಎರಡು ಹನಿ ಹಚ್ಚಿಕೊಂಡರು. ಗಲ್ಫಿನಿಂದ ಬರುವವರು ನೆಂಟರಿಗೆಲ್ಲ ಹಂಚಲು ತರುತ್ತಾರಲ್ಲ, ಆ ತಲೆನೋವಿನ ಎಣ್ಣೆ. ಕಿಟಕಿ ತೆರೆದಿದ್ದರೂ ಅದರ ಖಾರದ ಪರಿಮಳ ನೇರ ನನ್ನ ಮೂಗಿಗೇ ಬಂತು. ಕಣ್ಣು ಒದ್ದೆಯಾಯಿತು. ಎಣ್ಣೆಯ ಖಾರ ಎಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡೆ. ಆದರೆ ಆಗಲೇ ನಮ್ಮ ಹಿಂದಿ ಟೀಚರ್ ನೆನಪಿಗೆ ಬಂದು ಕೂತಾಗಿತ್ತು.

ಅವರು ಕಂಪ್ಯೂಟರಿನ ಎದುರು ಕೂರುವ ಮೊದಲು ಇದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ತಲೆನೋವು ಬಂದ ಮೇಲಲ್ಲ, ಬರುವ ಮೊದಲೇ.

"ಹೇಗೂ ಬರ್ಲಿಕ್ಕೆ ಉಂಟಲ್ಲ ಮಾರಾಯ್ತಿ, ಮೊದಲೇ ಹಚ್ಚಿಟ್ರೆ ಆಯ್ತು" ಎನ್ನುತ್ತಿದ್ದರು.

ನಾನು ಆಗಷ್ಟೇ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಸ್ಥೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೀಗೆ ಮೂರು ಕಡೆ ಹೈಸ್ಕೂಲು. ಆ ವರ್ಷ ಮೂರೂ ಶಾಲೆಗಳಿಗೆ ಒಂದೇ ಇ-ಮೇಲ್, ಒಂದೇ ಆಫೀಸ್ ಸಾಫ್ಟ್‌ವೇರ್ ತಂದಿದ್ದರು. ಹಾಜರಿ, ಅಂಕ, ರಜೆ, ಸುತ್ತೋಲೆ ಎಲ್ಲವೂ ಇನ್ನು ಅದರಲ್ಲೇ. ಇದನ್ನು ಅಧ್ಯಾಪಕರಿಗೆ ಕಲಿಸುವುದು ನನ್ನ ಕೆಲಸ. ಸೋಮವಾರ ಒಂದು ಊರು, ಮರುದಿನ ಇನ್ನೊಂದು ಊರು ಎಂದು ಲ್ಯಾಪ್‌ಟಾಪ್ ಹೊತ್ತುಕೊಂಡು ಬಸ್ಸು ಹತ್ತಿ ಇಳಿಯುತ್ತಿದ್ದೆ. ಜೀವಮಾನವಿಡೀ ಕಲಿಸಿದವರಿಗೆ ಕಲಿಸುವಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಅವರು ಪ್ರಶ್ನೆ ಕೇಳುವುದಿಲ್ಲ, ಗೊತ್ತಿಲ್ಲ ಎನ್ನುವುದೂ ಇಲ್ಲ. ಗಂಭೀರವಾಗಿ ತಲೆಯಾಡಿಸಿ, ನಾನು ಆಚೆ ಹೋದ ಮೇಲೆ ಕಂಪ್ಯೂಟರನ್ನು ಆಫ್ ಮಾಡಿ ಬಟ್ಟೆ ಮುಚ್ಚಿ ಬಿಡುತ್ತಾರೆ.

ಇ-ಮೇಲ್ ಬಂದ ಹೊಸತರಲ್ಲಿ ಬಂಟ್ವಾಳದ ಶಾಲೆಯಲ್ಲಿ ಓಡಾಟ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ನಮ್ಮ ಕಡೆ ಮದುವೆಗೆ ಕಾಗದ ಕೊಟ್ಟರೆ ಸಾಲದು, ಮನೆಗೆ ಹೋಗಿ ಬಾಯಲ್ಲೇ ಕರೆಯಬೇಕು. ಅಧ್ಯಾಪಕರು ಇ-ಮೇಲಿಗೂ ಅದೇ ಮರ್ಯಾದೆ ಕೊಟ್ಟರು. ರಜೆ ಬೇಕಾದವರು ಮೊದಲು ಹೆಡ್ಮಾಸ್ಟ್ರ ಕೋಣೆಗೆ ಹೋಗಿ "ಸರ್, ಒಂದು ಮೇಲ್ ಕಳಿಸುವ ಅಂತ ಇದ್ದೇನೆ" ಎಂದು ಹೇಳುವುದು. ವಾಪಸ್ ಬಂದು ಕಳಿಸುವುದು. ಪುನಃ ಹೋಗಿ "ಸಿಕ್ಕಿತಾ ಸರ್?" ಎಂದು ಕೇಳುವುದು. ಹೆಡ್ಮಾಸ್ಟ್ರಾದರೂ ಮೇಲ್ ತೆರೆಯುತ್ತಿದ್ದರೇ? "ನೀವು ಬಾಯಲ್ಲಿ ಹೇಳಿದಿರಲ್ಲ, ಇನ್ನು ಅದನ್ನು ನೋಡುವುದು ಯಾಕೆ?" ಎನ್ನುತ್ತಿದ್ದರು.

ಇದೇ ಶಾಲೆಯಲ್ಲಿದ್ದ ಹಿಂದಿ ಟೀಚರ್ ಇಡೀ ಸಂಸ್ಥೆಯಲ್ಲೇ ಹಿರಿಯರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಸೀರೆಯ ನೆರಿಗೆ ಸಂಜೆಯವರೆಗೂ ಹಾಗೇ ನಿಂತಿರುತ್ತಿತ್ತು. ಮೂಡುಬಿದಿರೆ ರಸ್ತೆಯಲ್ಲಿ ಮನೆ. ಜೈನರು, ಹೊತ್ತು ಕಂತಿದ ಮೇಲೆ ಊಟ ಮಾಡುವವರಲ್ಲ. ಶಾಲೆ ಬಿಟ್ಟ ಮೇಲೆ ನಾನು ನಡೆಸುತ್ತಿದ್ದ ತರಬೇತಿ ಸ್ವಲ್ಪ ಎಳೆದರೂ ಅವರ ಕಣ್ಣು ಕಿಟಕಿಯ ಕಡೆಗೆ ಹೋಗುತ್ತಿತ್ತು. ಐದು ಗಂಟೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲೆ, ಆಮೇಲೆ ಉಪವಾಸವೇ. ಒಂದೆರಡು ಸಲ ನನ್ನಿಂದಾಗಿಯೇ ಹಾಗಾಯಿತು. ಅವರು ಏನೂ ಹೇಳಲಿಲ್ಲ, ಬೇರೆಯವರಿಂದ ನನಗೆ ಗೊತ್ತಾಯಿತು.

ಅವರ ಕ್ಲಾಸನ್ನು ನಾನು ಹೊರಗಿನಿಂದ ಕೇಳಿದ್ದೆ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಅವರ ಎದುರು ಹೆದರಿಕೆಯಿಲ್ಲದೆ ಹಿಂದಿ ಮಾತಾಡುತ್ತಿದ್ದರು. ತಪ್ಪು ಮಾಡಿದರೆ ಬೈಗುಳವಿಲ್ಲ. ಹತ್ತನೇ ಕ್ಲಾಸೆಂದರೆ ಅವರಿಗೆ ಪ್ರಾಣ. ಆದರೆ ಮೌಸ್ ಹಿಡಿದರೆ ಅವರೇ ಹೆದರುತ್ತಿದ್ದರು. ಬಾಣ ಪರದೆಯಲ್ಲಿ ಎಲ್ಲೆಲ್ಲೋ ಓಡುತ್ತಿತ್ತು, ಅವರು ಕುರ್ಚಿ ಸಮೇತ ಅದರ ಹಿಂದೆ ವಾಲುತ್ತಿದ್ದರು. ನನಗೆ ನಗು ಬರುತ್ತಿತ್ತು, ಜೊತೆಗೆ ಪಾಪ ಅನ್ನಿಸುತ್ತಿತ್ತು...

ಅಷ್ಟರಲ್ಲಿ ಸಂಚಾಲಕರ ಮಾತು ಬಂತು. ಸಂಚಾಲಕರೆಂದರೆ ಸಂಸ್ಥೆಯ ಆಡಳಿತ ನೋಡುವವರು, ಅವರು ಹೇಳಿದ ಮೇಲೆ ಮುಗಿಯಿತು. ಈ ಸಲದ ಹತ್ತನೆಯವರ ಆಂತರಿಕ ಅಂಕ ಎಲ್ಲರೂ ತಾವೇ ಸಾಫ್ಟ್‌ವೇರಿಗೆ ಹಾಕಬೇಕು, ಆಗದವರನ್ನು ಹತ್ತನೇ ಕ್ಲಾಸಿನಿಂದ ತೆಗೆದು ಬೆಳ್ತಂಗಡಿಯ ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳಲು ಹಾಕುವುದು. ಹೆಸರು ಹೇಳಲಿಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಟ್ಟಿಗೆ ನೆಲ ನೋಡಿದರು.

ಆ ಸಂಜೆ ಹಿಂದಿ ಟೀಚರ್ ನನ್ನೊಟ್ಟಿಗೆ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ಬಸ್ಸು ಕಾಣುವಾಗ ಹೇಳಿದರು.

"ಲೈಬ್ರರಿಗೆ ಹಾಕಿದ್ರೆ ನಾನು ಹೋಗುದಿಲ್ಲ. ಕೆಲಸವೇ ಬಿಡ್ತೇನೆ. ಮಕ್ಕಳಿಲ್ಲದ ಕೋಣೆಯಲ್ಲಿ ಕೂತು ನಾನೇನು ಮಾಡುದು?"

ಅವರನ್ನು ಹತ್ತನೇ ಕ್ಲಾಸಿನಲ್ಲೇ ಉಳಿಸಿಕೊಳ್ಳುವುದು ಈಗ ನನ್ನ ಕೈಯಲ್ಲಿತ್ತು. ನಾನು ಬಂಟ್ವಾಳಕ್ಕೆ ಬರುವ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಲಿಸುತ್ತೇನೆ ಎಂದೆ. ಪ್ರತಿ ಸಲ ಎಣ್ಣೆ ಹಚ್ಚಿಕೊಂಡು ಬಂದು ಕೂತರು. ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತಿದರು. ತಪ್ಪಾದದ್ದನ್ನು ಅಳಿಸುವುದು ಹೇಗೆಂದು ಕೇಳಿದರು, ಹೇಳಿಕೊಟ್ಟೆ. ಪರದೆಯ ಹಾಳೆಯಲ್ಲಿರುವುದನ್ನೆಲ್ಲ ಒಮ್ಮೆಗೇ ಹಿಡಿದು ಅಳಿಸುವುದನ್ನೂ ಹೇಳಿಕೊಟ್ಟೆ. ಅದೊಂದನ್ನು ಮಾತ್ರ ಅವರು ಒಂದೇ ಸಲಕ್ಕೆ ಕಲಿತರು.

ಅಂಕ ಹಾಕುವ ಕೊನೆಯ ದಿನ ಬಂತು. ಮೂರೂ ಶಾಲೆಯ ಹತ್ತನೆಯವರಿಗೆಂದು ಒಂದೇ ಹಾಳೆ, ಆಯಾ ವಿಷಯದವರು ತಮ್ಮ ತಮ್ಮ ಶಾಲೆಯಲ್ಲಿ ಕೂತು ಅದರಲ್ಲೇ ಅಂಕ ತುಂಬುವುದು. ಸಂಜೆ ಸಂಚಾಲಕರು ಬಂಟ್ವಾಳಕ್ಕೆ ಬಂದು ನೋಡುವವರಿದ್ದರು. ಹಿಂದಿ ಟೀಚರ್ ಮಧ್ಯಾಹ್ನದ ಊಟವನ್ನೂ ಬಿಟ್ಟು ತಮ್ಮ ಮಕ್ಕಳ ಅಂಕಗಳನ್ನೆಲ್ಲ ತಾವೇ ಹಾಕಿದರು. ನಾನು ಪಕ್ಕದಲ್ಲಿ ನಿಂತು ನೋಡಿದೆ, ಒಂದೂ ತಪ್ಪಿರಲಿಲ್ಲ. ಗೆದ್ದೆವು ಎಂದುಕೊಂಡು ಖುಷಿಯಲ್ಲಿ ಚಹಾ ಕುಡಿಯಲು ಹೋದೆ.

ಚಹಾ ಬಾಯಿಗಿಡುವ ಮೊದಲೇ ಬೆಳ್ತಂಗಡಿಯಿಂದ ಫೋನು. ವಿಜ್ಞಾನದ ಮಾಸ್ಟ್ರು.

"ಎಂಥದು ಮೇಡಂ, ಹಾಳೆಯಲ್ಲಿ ಒಂದು ಅಕ್ಷರ ಇಲ್ಲ. ನಮ್ಮದೆಲ್ಲ ಎಲ್ಲಿಗೆ ಹೋಯ್ತು?"

ಅದರ ಬೆನ್ನಿಗೇ ಮೂಡುಬಿದಿರೆಯ ಫೋನು. ಬೆಳ್ತಂಗಡಿಯವರು ಮೂಡುಬಿದಿರೆಯವರ ಮೇಲೆ ಹಾಕಿದರು, ಮೂಡುಬಿದಿರೆಯವರು ಬೆಳ್ತಂಗಡಿಯವರ ಮೇಲೆ. ನಾನು ಸ್ಟಾಫ್ ರೂಮಿಗೆ ಓಡಿ ಬಂದು ನೋಡಿದೆ. ಹಾಳೆ ಬಿಳಿ. ಮಕ್ಕಳ ಹೆಸರೂ ಇಲ್ಲ, ಅಂಕವೂ ಇಲ್ಲ. ಕಂಪ್ಯೂಟರಿನ ಎದುರು ಗಣಿತದ ಟೀಚರ್ ಆಗಷ್ಟೇ ಬಂದು ಕೂತಿದ್ದರು. ತಾನು ಏನನ್ನೂ ಮುಟ್ಟಿಲ್ಲ ಎಂದು ಎರಡೂ ಕೈ ಮೇಲೆತ್ತಿ ತೋರಿಸಿದರು.

ಆಗ ಮೂಲೆಯಲ್ಲಿ ಬ್ಯಾಗು ಜೋಡಿಸುತ್ತಿದ್ದ ಹಿಂದಿ ಟೀಚರ್ ತಲೆ ಎತ್ತಿದರು.

"ಒರೆಸಿದ್ದು ನಾನು. ನನ್ನದು ಮುಗಿಯಿತಲ್ಲ. ಇವರಿಗೆ ಬರೀಲಿಕ್ಕೆ ಜಾಗ ಬೇಡ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೀರಿಯಡ್ ಮುಗಿದ ಮೇಲೆ ಕರಿಹಲಗೆಯನ್ನು ಒರೆಸಿ, ಮುಂದೆ ಬರುವ ಅಧ್ಯಾಪಕರಿಗೆ ಬಿಟ್ಟುಕೊಡುವುದು ನಮ್ಮ ಶಾಲೆಗಳಲ್ಲಿ ಮೊದಲಿನಿಂದ ಬಂದ ಮರ್ಯಾದೆ. ಒರೆಸದೆ ಹೋದರೆ ಮುಂದಿನವರಿಗೆ ಅವಮಾನ ಮಾಡಿದ ಹಾಗೆ. ಹಿಂದಿ ಟೀಚರ್ ಸೇವೆಯುದ್ದಕ್ಕೂ ಒಂದು ದಿನವೂ ಅದನ್ನು ತಪ್ಪಿಸಿದವರಲ್ಲ. ಹಾಕಿದ ಅಂಕ ಆಫೀಸಿಗೆ ತಲುಪಿ ಆಯಿತು, ಕಾಣುವುದು ಬರೀ ಬೋರ್ಡು ಎಂದು ತಿಳಿದು ಚೊಕ್ಕವಾಗಿ ಒರೆಸಿಕೊಟ್ಟಿದ್ದರು.

ಮೂರು ಶಾಲೆಯವರೂ ಒಂದೇ ಹಾಳೆಯಲ್ಲಿ ಬರೆಯುತ್ತಿದ್ದದ್ದು ಗೊತ್ತಾದಾಗ ಅವರ ಮುಖ ಬಿಳಚಿಕೊಂಡಿತು. ಕುರ್ಚಿಯಲ್ಲಿ ಕೂತು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡರು. "ಹಾಗಾದ್ರೆ ಮುಗೀತು" ಎಂದಷ್ಟೇ ಹೇಳಿದರು.

ಹಳೆಯ ಪ್ರತಿಗಳನ್ನು ಸಾಫ್ಟ್‌ವೇರ್ ತನ್ನೊಳಗೆ ಇಟ್ಟುಕೊಂಡಿರುತ್ತದೆ ಎಂದು ನಾನು ಓದಿದ್ದೆ. ತೆಗೆದು ನೋಡಿರಲಿಲ್ಲ. ಬರುತ್ತದೆ ಎಂದು ಧೈರ್ಯ ಹೇಳಲು ನನಗೇ ಧೈರ್ಯವಿರಲಿಲ್ಲ. ಎಲ್ಲ ಫೋನಿಗೂ ಯಾರೂ ಏನೂ ಮುಟ್ಟಬೇಡಿ ಎಂದು ಹೇಳಿ ಕೂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮೂರಿನ ಕರೆಂಟಿಗೆ ಹೊತ್ತು ಗೊತ್ತು ಯಾವಾಗ ಇತ್ತು? ನನ್ನ ಲ್ಯಾಪ್‌ಟಾಪಿಗೆ ಫೋನಿನ ಇಂಟರ್ನೆಟ್ ಜೋಡಿಸಿದೆ. ಒಳಗೆ ಸಿಗ್ನಲ್ ಇಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಬಂದೆ, ಇಡೀ ಸ್ಟಾಫ್ ರೂಮು ನನ್ನ ಹಿಂದೆ ಬಂತು. ಹಿಂದಿ ಟೀಚರ್ ಮಾತ್ರ ಕಂಬಕ್ಕೆ ಒರಗಿ ದೂರ ನಿಂತರು. ಅವರ ಐದು ಗಂಟೆಯ ಬಸ್ಸು ಎದುರಿನ ರಸ್ತೆಯಲ್ಲೇ ಹಾದು ಹೋಯಿತು. ಅವರು ಅದನ್ನು ನೋಡಲೂ ಇಲ್ಲ.

ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು... ಆಮೇಲೆ ಹಳೆಯ ಪ್ರತಿಗಳ ಸಾಲು ಮೂಡಿತು. ಒರೆಸುವುದಕ್ಕಿಂತ ಮೊದಲಿನದನ್ನು ಒತ್ತಿದೆ. ಹೆಸರುಗಳು ಬಂದವು. ಅಂಕಗಳು ಬಂದವು. ಗಣಿತದ ಟೀಚರ್ "ಬಂತು, ಬಂತು" ಎಂದು ನನ್ನ ಭುಜ ಹಿಡಿದು ಕುಲುಕಿದರು. ಗಾಬರಿಯಲ್ಲಿ ಬೆಳ್ತಂಗಡಿಯ ಮಾಸ್ಟ್ರು ಖಾಲಿ ಹಾಳೆಯಲ್ಲೇ ಪುನಃ ತುಂಬಿದ್ದ ಒಂದಷ್ಟು ಅಂಕ ಮಾತ್ರ ಹೋಯಿತು. ಹಳೆಯದು ಬಂದ ಮೇಲೆ ಅದು ಯಾರಿಗೂ ಬೇಕಿರಲಿಲ್ಲ. ಆದರೂ ಅವರು ಅದರ ಬಗ್ಗೆ ಒಂದು ತಿಂಗಳು ಗೊಣಗಿದರು.

ಹಿಂದಿ ಟೀಚರ್ ಹತ್ತಿರ ಬಂದು ಪರದೆಯನ್ನು ಬಗ್ಗಿ ನೋಡಿದರು.

"ಇದರಲ್ಲಿ ಒರೆಸಿದ್ರೂ ಹೋಗುದಿಲ್ವಾ?"

"ಹೋಗುದಿಲ್ಲ ಟೀಚರ್."

"ಅದನ್ನು ನೀನು ಮೊದಲೇ ಹೇಳುದಲ್ವಾ" ಎಂದವರೇ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಪಡುವಣ ದಿಕ್ಕಿಗೆ ನೋಡಿ "ಹೊತ್ತು ಉಂಟು ಇನ್ನು" ಎಂದು, ಬ್ಯಾಗಿನಿಂದ ಮಧ್ಯಾಹ್ನದ ಡಬ್ಬಿ ತೆಗೆದು ಜಗಲಿಯಲ್ಲೇ ಕೂತು ಊಟ ಮಾಡಿದರು. ಗಣಿತದ ಟೀಚರ್ ನೀರು ತಂದುಕೊಟ್ಟರು. ಒಬ್ಬರು ಊಟ ಮಾಡುವುದನ್ನು ನೋಡಿ ನನಗೆ ಅಷ್ಟು ಸಮಾಧಾನವಾದದ್ದು ಅದೊಂದೇ ಸಲ.

ಸಂಚಾಲಕರು ಬಂದಾಗ ಹಿಂದಿ ಟೀಚರ್ ಕೈ ತೊಳೆಯುತ್ತಿದ್ದರು. ಯಾರೂ ಏನೂ ಹೇಳಬಾರದೆಂದು ನಾವು ಕಣ್ಣಲ್ಲೇ ಮಾತಾಡಿಕೊಂಡಿದ್ದೆವು. ಆದರೆ ಹಿಂದಿ ಟೀಚರ್ ಸೀದಾ ಹೋಗಿ ಎಲ್ಲವನ್ನೂ ಹೇಳಿದರು. ಸಂಚಾಲಕರ ಹುಬ್ಬು ಮೇಲೆ ಹೋಯಿತು. ಬೈಗುಳಕ್ಕೆ ನಾವು ತಯಾರಾಗಿ ನಿಂತೆವು. ಅವರು ಲ್ಯಾಪ್‌ಟಾಪಿನ ಕಡೆ ಬಗ್ಗಿ, ತಗ್ಗಿದ ಸ್ವರದಲ್ಲಿ ಕೇಳಿದರು.

"ಒರೆಸಿದ್ದು ವಾಪಸ್ ಬರ್ತದಾ? ಎಲ್ಲಿ, ನನಗೂ ಒಮ್ಮೆ ತೋರಿಸಿ."

ನಾನು ಮುಂದೆ ಬರುವಷ್ಟರಲ್ಲಿ ಹಿಂದಿ ಟೀಚರ್ ಲ್ಯಾಪ್‌ಟಾಪಿನ ಮೌಸ್ ಹಿಡಿದಾಗಿತ್ತು. ಬಾಣ ಈ ಸಲ ಎಲ್ಲೆಲ್ಲೋ ಓಡಲಿಲ್ಲ. ನನ್ನನ್ನು ಕೇಳಿ ಕೇಳಿ ಒತ್ತಿದರೂ ಒತ್ತಿದ್ದೆಲ್ಲ ಅವರೇ. ಸಂಚಾಲಕರು ಅಂಗೈ ಉಜ್ಜಿಕೊಂಡು "ನಾನು ಹೆದರಿ ಇದನ್ನು ಮುಟ್ಟುದೇ ಇಲ್ಲ" ಎಂದುಬಿಟ್ಟರು. ಬೆಳ್ತಂಗಡಿಯ ಲೈಬ್ರರಿಯ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಅಂದು ಅವರ ಕಾರಿನಲ್ಲೇ ಹಿಂದಿ ಟೀಚರ್ ಮನೆಗೆ ಹೋದರು.

ಆಮೇಲೆ ಹಿಂದಿ ಟೀಚರಿಗೆ ಇದ್ದ ಹೆದರಿಕೆ ಪೂರಾ ಹೋಯಿತು. ತಪ್ಪುಗಳೇನೂ ಕಡಿಮೆಯಾಗಲಿಲ್ಲ. ಒಮ್ಮೆ ಹತ್ತನೆಯವರ ಪ್ರಶ್ನೆಪತ್ರಿಕೆಯನ್ನು ಎಲ್ಲ ಪೋಷಕರಿಗೂ ಕಳಿಸಿಬಿಟ್ಟಿದ್ದರು, ಪುಣ್ಯಕ್ಕೆ ಪರೀಕ್ಷೆ ಮುಗಿದ ಮೇಲೆ. ಆದರೆ ನಿವೃತ್ತಿಯ ದಿನದವರೆಗೂ ಹತ್ತನೇ ಕ್ಲಾಸಿನಲ್ಲೇ ಪಾಠ ಮಾಡಿದರು. ಕೊನೆಯ ಪೀರಿಯಡ್ ಮುಗಿಸಿ ಹೊರಗೆ ಬಂದಾಗ ಬಾಗಿಲಲ್ಲಿ ನಾನಿದ್ದೆ. ಏನೋ ಹೇಳಬೇಕೆಂದಿದ್ದೆ, ಮಕ್ಕಳು ಸುತ್ತುವರಿದರು...

ಹೋದ ವರ್ಷ ಅವರು ತೀರಿಕೊಂಡರು. ನಿದ್ದೆಯಲ್ಲೇ, ಹೆಚ್ಚು ನರಳದೆ ಹೋದರಂತೆ. ನಾನು ಹೋಗಿ ನೋಡಿ ಬಂದೆ. ಬೇಕೆಂದಾಗ ಹೋಗಿ ಮಾತಾಡಿಸಲು ಆ ಮನೆಯಲ್ಲಿ ಈಗ ಅವರಿಲ್ಲ ಎನ್ನುವುದು ಇನ್ನೂ ನನಗೆ ಸರಿಯಾಗಿ ರೂಢಿಯಾಗಿಲ್ಲ.

ಫರಂಗಿಪೇಟೆಯಲ್ಲಿ ನಿಂತಿದ್ದ ಬಸ್ಸು ಹೊರಟಿತು. ನಾನು ಅಂದು ಹೊರಟದ್ದು ನಾರಾವಿಗೆ, ಅಲ್ಲಿನ ಒಂದು ಶಾಲೆಯ ಅಧ್ಯಾಪಕರಿಗೆ ಕಲಿಸಲು. ಎಲ್ಲಾ ಶಾಲೆಯಲ್ಲೂ ಇರುವಂತೆ ಅಲ್ಲೂ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು, ಎರಡೂ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡ ಹಿರಿಯ ಟೀಚರೊಬ್ಬರು ಇದ್ದರು. ನಾನು ಅವರನ್ನೇ ಮೊದಲು ಕರೆದು ಕೂರಿಸಿದೆ. ತುಂಬಿದ ಹಾಳೆಯೊಂದನ್ನು ತೆರೆದು, ಎಲ್ಲಾ ಒರೆಸಿಬಿಡಿ ಎಂದೆ. ನಾನು ಈಗ ಪಾಠ ಶುರು ಮಾಡುವುದೇ ಹೀಗೆ. ಅವರು ನನ್ನ ಮುಖ ನೋಡಿದರು, ಕಣ್ಣು ಮುಚ್ಚಿ ಒರೆಸಿದರು. ವಾಪಸ್ ತರುವುದನ್ನು ತೋರಿಸಿದೆ. ಹಾಳೆ ತುಂಬಿ ಬಂದಾಗ ಅವರು ಬಿಟ್ಟ ಉಸಿರು ನನಗೆ ಕೇಳಿಸಿತು.

"ಒಳ್ಳೆ ಉಪಾಯ. ನಿಮಗೆ ಯಾರು ಹೇಳಿಕೊಟ್ಟದ್ದು ಇದು?"

"ನಮ್ಮ ಹಿಂದಿ ಟೀಚರ್" ಎಂದೆ.

"ಈಗಲೂ ಶಾಲೆಯಲ್ಲಿ ಇದ್ದಾರಾ ಅವರು?"

"ಇಲ್ಲ" ಎಂದೆ. ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಮ್ಮೆ ಒರೆಸಿ ನೋಡ್ತೇನೆ" ಎಂದರು.