ಕಾಲುವೆ ಬಂಗಲೆಯ ಸೂಪ್

1953ರ ಅಕ್ಟೋಬರ್ ಒಂದರಂದು ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದವು. ಕಂಪ್ಲಿಯಾಚೆ ಕಾಲುವೆ ದಡದಲ್ಲಿದ್ದ ಸರ್ಕಾರಿ ಬಂಗಲೆಯ ಅಡುಗೆಮನೆಗೆ ಆ ಸುದ್ದಿ 1971ರವರೆಗೂ ತಲುಪಿರಲಿಲ್ಲ. ಅಲ್ಲಿ ಅಡುಗೆ ಮಾಡುತ್ತಿದ್ದವರು ನನ್ನ ಅಪ್ಪ.

ಅಜ್ಜ ಬಿಳಿಯ ದೊರೆಗಳಿಗೆ ಬೇಯಿಸಿ ಹಾಕಿದವನು. ಯಾವನೋ ದೊರೆ ಗೋಡೆಗೆ ಹಾಕಿಸಿದ್ದ ಊಟದ ಪಟ್ಟಿ ಅಜ್ಜನಿಂದ ಅಪ್ಪನಿಗೆ ಪಿತ್ರಾರ್ಜಿತ ಹೊಲದ ಹಾಗೆ ಬಂದಿತ್ತು: ಸೂಪ್, ಕಟ್ಲೆಟ್, ಬ್ರೆಡ್, ಕಸ್ಟರ್ಡ್. ಮಾಂಸ ತಿನ್ನುವ ಅಧಿಕಾರಿಗಳು ಕಡಿಮೆಯಾದ ಮೇಲೆ ಅಪ್ಪ ಮಾಂಸ ಬಿಟ್ಟರು, ಹೆಸರು ಬಿಡಲಿಲ್ಲ. ಹೀಗಾಗಿ ಸೂಪ್ ಎಂದರೆ ಗಜ್ಜರಿ ಕುದಿಸಿದ ನೀರು, ಮೇಲೆ ಒಂದು ಚಿಟಿಕೆ ಮೆಣಸಿನ ಪುಡಿ. ಕಾಲುವೆ ನೋಡಲು ಬರುವ ಎಂಜಿನಿಯರರು, ದೊಡ್ಡವರು ಉಣ್ಣುವುದೇ ಹೀಗೆ ಎಂದುಕೊಂಡು ಅದನ್ನು ಮರ್ಯಾದೆಯಿಂದ ಕುಡಿದು, ಕಂಪ್ಲಿ ಬಸ್‌ಸ್ಟ್ಯಾಂಡಿನ ಹೋಟೆಲ್ ಮುಂದೆ ಜೀಪು ನಿಲ್ಲಿಸುತ್ತಿದ್ದರು.

ಬಂಗಲೆಯ ಸುತ್ತ ಅಷ್ಟರಲ್ಲಿ ಜೋಳ ಹೋಗಿ ಭತ್ತ ಬಂದಿತ್ತು. ಆಂಧ್ರದಿಂದ ಬಂದು ನೆಲೆಸಿದ ರೈತರು ಊರಿಗೆ ನಾಟಿಯನ್ನೂ, ಅದರ ಹಿಂದೆಯೇ ಎರಡು ಹೊತ್ತಿನ ಅನ್ನವನ್ನೂ ಕಲಿಸಿದ್ದರು. ಅವ್ವ ಮಾತ್ರ ಕಲಿಯಲಿಲ್ಲ. ಸಂಡೂರಿನ ಕಡೆಯ ತವರಿನಿಂದ ಜೋಳ ತರಿಸಿ, ಬಂಗಲೆಯ ಹಿಂದಿನ ನಮ್ಮ ಮನೆಯಲ್ಲಿ ದಿನಾ ರೊಟ್ಟಿ ಬಡಿಯುತ್ತಿದ್ದಳು.

ಅಪ್ಪ ಹನ್ನೊಂದು ವರ್ಷದಿಂದ ದಿನಗೂಲಿಯಲ್ಲಿದ್ದರು. ಅವರನ್ನು ಕಾಯಂ ಮಾಡಬೇಕೋ ತೆಗೆಯಬೇಕೋ ಎಂದು ನೋಡಲು 1971ರಲ್ಲಿ ಗದಗಿನ ಕಡೆಯ ಅಧಿಕಾರಿಯೊಬ್ಬರು ಮಧ್ಯಾಹ್ನದ ಊಟಕ್ಕೇ ಬಂದರು. ಹೊಸಪೇಟೆಯಲ್ಲಿ ಪತ್ರಿಕೆಯ ಕೆಲಸದಲ್ಲಿದ್ದ ನಾನು ರಜೆ ಹಾಕಿ ಬಡಿಸಲು ನಿಂತೆ. ಅಪ್ಪ ಬೆಳಿಗ್ಗೆಯಿಂದ ಮೂರು ಸಲ ಸೂಪ್ ಸೋಸಿದ್ದರು.

"ದೊರಿಗಳು ಹೋಗಿ ಎಷ್ಟ್ ವರ್ಷಾತು, ಅವರ ಬಿಸಿನೀರು ಇನ್ನಾ ಕುದ್ಯಾಕ ಹತ್ತೈತಿ," ಎಂದು ಅವ್ವ ಹಿಟ್ಟು ನಾದಲು ಹೋದಳು.

ಮೇಜಿಗೆ ಕೂತ ಸಾಹೇಬರು ಚಮಚ ಎತ್ತಿದವರು ಹಾಗೇ ತಡೆದರು. "ಏನ್ರೀ ಅದು ಸಪ್ಪಳ?"

ಅಪ್ಪನ ಮುಖ ಸಣ್ಣದಾಯಿತು. "ತಪ್ಪಾತ್ರಿ ಸಾಹೇಬ್ರ. ಮನ್ಯಾಗ ರೊಟ್ಟಿ ಬಡ್ಯಾಕ ಹತ್ಯಾರ. ಈಗ ನಿಲ್ಲಸ್ತೀನ್ರಿ."

"ನಿಲ್ಲಸಬ್ಯಾಡ್ರೀ ಮಾರಾಯ್ರ! ಎರಡು ಇತ್ಲಾಗ ತರ್ರಿ. ಪುಂಡಿಪಲ್ಯ ಐತೇನು?"

ಪುಂಡಿಪಲ್ಯ ಇತ್ತು, ಶೇಂಗಾ ಚಟ್ನಿಯೂ ಇತ್ತು. ಸಾಹೇಬರು ಅಂಗಿಯ ತೋಳು ಮಡಚಿ ನಾಲ್ಕು ರೊಟ್ಟಿ ಮುಗಿಸಿದರು. ಸೂಪ್ ಮೇಜಿನ ಮೇಲೇ ಆರಿತು. ಅಪ್ಪ ಅದನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷ ಅದರಲ್ಲಿ ಮುಳುಗಿದಂತೆ.

ಕೈ ತೊಳೆದು ಬಂದು ಸಾಹೇಬರು ಬಂಗಲೆಯ ಪುಸ್ತಕದಲ್ಲಿ ಬರೆದರು: "ಇಂಗ್ಲಿಷ್ ಊಟ ಅಚ್ಚುಕಟ್ಟಾಗಿತ್ತು. ಇವರನ್ನು ಕಾಯಂ ಮಾಡಬಹುದು."

ಅಪ್ಪನಿಗೆ ತಡೆಯಲಾಗಲಿಲ್ಲ. "ಸೂಪ್ ಮುಟ್ಟೇ ಇಲ್ಲಲ್ರೀ ಸಾಹೇಬ್ರ?"

"ಸುಮ್ಕಿರ್ರಿ. ಈ ಹುದ್ದಿ ಇರೂದ ಇಂಗ್ಲಿಷ್ ಊಟಕ್ಕ. ರೊಟ್ಟಿ ಅಂತ ಬರದ್ರ, ಅದಕ್ಕ್ಯಾಕ ಹುದ್ದಿ ಅಂತ ಮ್ಯಾಲಿನವರು ಹೊಡದ ಹಾಕ್ತಾರ. ಪಟ್ಟಿ ಗ್ವಾಡಿ ಮ್ಯಾಲ ಇರಲಿ, ರೊಟ್ಟಿ ತಾಟಿನ್ಯಾಗಿರಲಿ."

"ಇಷ್ಟ್ ವರ್ಷಕ್ಕ ಒಬ್ಬರು ರೊಟ್ಟಿ ಬೇಕಂತ ಬಾಯಿ ಬಿಟ್ಟರು ನೋಡು," ಎಂದಳು ಬಾಗಿಲಲ್ಲಿದ್ದ ಅವ್ವ, ನನಗೆ ಹೇಳಿದಂತೆ ಅಪ್ಪನಿಗೆ.

ಮೂರು ತಿಂಗಳಿಗೆ ಆದೇಶ ಬಂತು. ಹುದ್ದೆ: ಅಡುಗೆಯವರು, ಇಂಗ್ಲಿಷ್ ಊಟ. ಅಪ್ಪ 1989ರಲ್ಲಿ ಅದೇ ಹುದ್ದೆಯಿಂದ ನಿವೃತ್ತರಾದರು. ಅಲ್ಲಿಯವರೆಗೆ ಬಂದ ಅಧಿಕಾರಿಗಳಿಗೆಲ್ಲ ರೊಟ್ಟಿ ಬಡಿದವಳು ಅವ್ವ. ಆಕೆಯ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. 1994ರಲ್ಲಿ ನಾನು ಆ ಕಡೆ ಹೋದಾಗ ಪಟ್ಟಿಗೆ ಹೊಸ ಬಣ್ಣ ಹೊಡೆದಿದ್ದರು. ಸೂಪ್ ಮೊದಲ ಸಾಲಿನಲ್ಲೇ ಇತ್ತು.